ಹನ್ನೆರಡು ಕೊಳಲು, ಒಂದು ಷಡ್ಜ

ವೃಂದವಾದನದ ಬಗ್ಗೆ ಕೊಳಲು ವಿದ್ಯಾರ್ಥಿಗಳಿಂದಲೂ ಪೋಷಕರಿಂದಲೂ ಕೆಲವು ತಿಂಗಳುಗಳಿಂದ ಪತ್ರಗಳು ಬರುತ್ತಿದ್ದುದರಿಂದ ಈ ಸಂಚಿಕೆಯ ಸಂಗೀತ ಪ್ರಶ್ನೋತ್ತರವನ್ನು ಆ ಒಂದು ವಿಷಯಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿ. ರಾಮನವಮಿ ಉತ್ಸವದಲ್ಲಿ ನುಡಿಸಲೆಂದು ನಮ್ಮ ಗುರುಗಳು ಹನ್ನೆರಡು ಮಂದಿಯ ವೇಣುವೃಂದವೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಎಲ್ಲರದೂ ಐದು ಮನೆ (ಪಿಯಾನೋದ 'ಜಿ' ಶ್ರುತಿಯ) ಕೊಳಲು. ಒಬ್ಬೊಬ್ಬರೇ ಶ್ರುತಿಪೆಟ್ಟಿಗೆಯ ಜೊತೆ ನುಡಿಸಿದಾಗ ಶ್ರುತಿ ಸರಿಯಾಗಿಯೇ ಇರುತ್ತದೆ. ಎಲ್ಲರೂ ಸೇರಿದ ಕೂಡಲೇ ಕರ್ಕಶವಾಗುತ್ತದೆ. ದೋಷ ಕೊಳಲಿನದೋ, ನಮ್ಮದೋ?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಎರಡರದೂ ಪಾಲಿದೆ. ಮೊದಲು ನಿಮ್ಮ ಪಾಲನ್ನು ನೋಡೋಣ. ಒಬ್ಬರೇ ನುಡಿಸುವಾಗ ಶ್ರುತಿ ಸ್ಪಷ್ಟವಾಗಿ ಕೇಳಿಸುತ್ತಿರುವುದರಿಂದ ನಿಮಗೆ ಅರಿವಿಲ್ಲದೆಯೇ ತುಟಿ ಹೊಂದಿಕೊಳ್ಳುತ್ತಿರುತ್ತದೆ. ಕೆಳತುಟಿ ಊದುರಂಧ್ರವನ್ನು ಇನ್ನಷ್ಟು ಮುಚ್ಚಿದರೆ ಸ್ವರ ಇಳಿಯುತ್ತದೆ. ಕೊಳಲನ್ನು ಕೊಂಚ ಹೊರಕ್ಕೆ ತಿರುಗಿಸಿದರೆ ಏರುತ್ತದೆ. ಉಸಿರಿನ ರಭಸ ಹೆಚ್ಚಾದರೂ ಏರುತ್ತದೆ. ಹನ್ನೆರಡು ಮಂದಿ ಒಟ್ಟಿಗೆ ಕುಳಿತಾಗ ತನ್ನ ದನಿ ತನಗೇ ಕೇಳಿಸದೆ ಪ್ರತಿಯೊಬ್ಬರೂ ಗಟ್ಟಿಯಾಗಿ ಊದತೊಡಗುತ್ತಾರೆ. ಆಗ ಎಲ್ಲರ ಷಡ್ಜವೂ (ಆಧಾರಸ್ವರವಾದ 'ಸ') ಮೇಲಕ್ಕೆ ಸರಿಯುತ್ತದೆ, ಆದರೆ ಒಬ್ಬೊಬ್ಬರದು ಒಂದೊಂದು ಪ್ರಮಾಣದಲ್ಲಿ. ವೀಣೆಯವರಾದರೆ ಬಿರಡೆ ತಿರುಗಿಸಿ ಕೂರುತ್ತಾರೆ. ಬಿದಿರಿಗೆ ಬಿರಡೆಯಿಲ್ಲ, ಇರುವುದು ತುಟಿಯೊಂದೇ.

ಈ ಕರ್ಕಶತೆಯನ್ನು ಒಮ್ಮೆ ಹತ್ತಿರದಿಂದ ಕೇಳಿ ನೋಡಿ. ಇಬ್ಬರು ಎದುರುಬದುರಾಗಿ ಕುಳಿತು, ಶ್ರುತಿಪೆಟ್ಟಿಗೆಯನ್ನು ನಿಲ್ಲಿಸಿ, ಮಧ್ಯಸ್ಥಾಯಿಯ ಷಡ್ಜವನ್ನು ಅಲುಗಿಸದೆ ಹಿಡಿಯಿರಿ. ಉದಾಹರಣೆಗೆ ಒಬ್ಬರ ಸ್ವರ ಸೆಕೆಂಡಿಗೆ 392 ಕಂಪನಗಳಷ್ಟಿದ್ದು ಇನ್ನೊಬ್ಬರದು 395 ಇದ್ದರೆ, ಸೆಕೆಂಡಿಗೆ ಮೂರು ಬಾರಿ ದನಿ ಉಬ್ಬಿ ಇಳಿಯುವುದು ಕೇಳಿಸುತ್ತದೆ. ಒಬ್ಬರು ಹಾಗೆಯೇ ಹಿಡಿದಿರಲಿ, ಇನ್ನೊಬ್ಬರು ಕೊಳಲನ್ನು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಲಿ. ಏರಿಳಿತ ನಿಧಾನವಾಗುತ್ತಾ ಸೆಕೆಂಡಿಗೆ ಎರಡಾಗಿ, ಒಂದಾಗಿ, ಕೊನೆಗೆ ಇಲ್ಲವಾಗುತ್ತದೆ. ಇಲ್ಲವಾದ ಆ ಕ್ಷಣದಲ್ಲಿ ಎರಡು ಕೊಳಲಿನ ದನಿ ಇದ್ದಕ್ಕಿದ್ದಂತೆ ದಪ್ಪನಾಗಿ ಕೇಳುತ್ತದೆ. ಈ ಸಾಧನೆಯನ್ನು ಹನ್ನೆರಡು ಮಂದಿಯೂ ಜೋಡಿ ಬದಲಿಸುತ್ತಾ ಮಾಡಬೇಕು. ಷಡ್ಜವಾದ ಮೇಲೆ ಪಂಚಮ, ಆಮೇಲೆ ತಾರಷಡ್ಜ; ತಾರಸ್ಥಾಯಿಯಲ್ಲಿ ರಭಸ ಹೆಚ್ಚಿ ಸ್ವರ ಏರುವುದೂ ಮಂದ್ರದಲ್ಲಿ ಉಸಿರು ಸಡಿಲವಾಗಿ ಇಳಿಯುವುದೂ ಸಾಮಾನ್ಯ. ಮೊಬೈಲಿನ ಟ್ಯೂನರ್ ಆ್ಯಪ್ ನೋಡಿಕೊಂಡು ಇದನ್ನು ಮಾಡಬೇಡಿ. ಕಣ್ಣಿಗೆ ಕೆಲಸ ಕೊಟ್ಟರೆ ಕಿವಿ ವಿಶ್ರಾಂತಿಗೆ ಹೋಗುತ್ತದೆ, ಉತ್ಸವದ ವೇದಿಕೆಯಲ್ಲಿ ಎದುರಿಗೆ ಮೊಬೈಲೂ ಇರುವುದಿಲ್ಲ.

ಇನ್ನು ಕೊಳಲಿನ ಪಾಲು. 'ಐದು ಮನೆ' ಎಂದು ಗುರುತು ಹಾಕಿದ ಕೊಳಲುಗಳೆಲ್ಲವೂ ಒಂದೇ ಷಡ್ಜದವು ಎಂದು ನಂಬಬೇಡಿ. ಬಿದಿರಿನ ಒಳವ್ಯಾಸ, ಗೋಡೆಯ ದಪ್ಪ, ರಂಧ್ರಗಳ ಅಳತೆ ಇವೆಲ್ಲ ಕೊಳಲಿನಿಂದ ಕೊಳಲಿಗೆ ಬದಲಾಗುತ್ತವೆ. ಷಡ್ಜ ಹೊಂದಿದರೂ ಗಾಂಧಾರವೋ ನಿಷಾದವೋ ಹೊಂದದಿರಬಹುದು. ವೃಂದಕ್ಕೆಂದೇ ಕೊಳ್ಳುವುದಾದರೆ ಒಬ್ಬರೇ ತಯಾರಕರ ಬಳಿ, ಒಂದೇ ಸಲಕ್ಕೆ, ಒಂದರ ಪಕ್ಕ ಒಂದನ್ನು ಊದಿ ನೋಡಿ ಆರಿಸಿಕೊಳ್ಳುವುದು ಮೇಲು. ಈಗಿರುವ ಕೊಳಲುಗಳಲ್ಲೇ ನಿಭಾಯಿಸಬೇಕೆಂದಿದ್ದರೆ, ಅತಿ ಕೆಳಗಿರುವ ಕೊಳಲನ್ನು ಆಧಾರವಾಗಿಟ್ಟುಕೊಳ್ಳಿ. ಉಳಿದವರು ತುಟಿಯಿಂದ ಇಳಿಸಿಕೊಳ್ಳುವುದು, ಆ ಒಬ್ಬರು ಬಲವಂತವಾಗಿ ಏರಿಸುವುದಕ್ಕಿಂತ ಸುಲಭ, ದನಿಯೂ ಕೆಡುವುದಿಲ್ಲ.

ಉತ್ಸವದ ದಿನಕ್ಕೆ ಸಂಬಂಧಿಸಿದ ಇನ್ನೊಂದು ಮಾತಿದೆ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಹೆಚ್ಚುತ್ತದೆ. ಕೊಳಲಿನ ಒಳಗಿನ ಗಾಳಿ 20 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ ಸ್ವರವು ಒಂದು ಸ್ವರಸ್ಥಾನದ (ಪಿಯಾನೋದ ಪಕ್ಕಪಕ್ಕದ ಎರಡು ಸ್ವರಗಳ ನಡುವಿನ) ಅಂತರದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮೇಲೇರುತ್ತದೆ. ನಮ್ಮ ಉಸಿರೇ ಬೆಚ್ಚಗಿರುವುದರಿಂದ ವಾಸ್ತವದಲ್ಲಿ ಏರಿಕೆ ಇದಕ್ಕಿಂತ ಕಡಿಮೆ. ಆದರೂ ಬೆಳಗಿನ ತಂಪಿನಲ್ಲಿ ಅಭ್ಯಾಸ ಮಾಡಿ, ಏಪ್ರಿಲ್‌ ಸಂಜೆಯ ಪೆಂಡಾಲಿನಲ್ಲಿ, ದೀಪಗಳ ಕೆಳಗೆ ನುಡಿಸುವವರಿಗೆ ಅದು ಕೇಳಿಸಿಯೇ ಕೇಳಿಸುತ್ತದೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಸೆಕೆಯ ಹಂಗಿಲ್ಲ, ಅದು ಇದ್ದಲ್ಲೇ ಇರುತ್ತದೆ. ಆದ್ದರಿಂದ ವೇದಿಕೆ ಏರುವ ಮೊದಲು ಎಲ್ಲರೂ ಕೊಳಲನ್ನು ಊದಿ ಬೆಚ್ಚಗಾಗಿಸಿಕೊಂಡು, ಆಧಾರ ಕೊಳಲಿನ ಷಡ್ಜಕ್ಕೆ ಪೆಟ್ಟಿಗೆಯನ್ನು ಹೊಂದಿಸಬೇಕೇ ಹೊರತು ಪೆಟ್ಟಿಗೆಗೆ ಕೊಳಲನ್ನಲ್ಲ. ಸೂಕ್ಷ್ಮವಾಗಿ ಏರಿಸಿ ಇಳಿಸುವ ಗುಂಡಿ ಪೆಟ್ಟಿಗೆಯಲ್ಲಿ ಇರುವುದೇ ಇದಕ್ಕಾಗಿ.

ಪ್ರಶ್ನೆ: ನಮ್ಮ ವೃಂದಕ್ಕೆ ಯಾವ ರಚನೆಗಳನ್ನು ಆರಿಸಬೇಕೆಂಬುದರಲ್ಲಿ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ. ಹಿರಿಯ ವಿದ್ಯಾರ್ಥಿಗಳು ತೋಡಿಯ ಕೃತಿ ನುಡಿಸಬೇಕೆನ್ನುತ್ತಾರೆ. ಎಲ್ಲರಿಗೂ ಜೂನಿಯರ್ ಪರೀಕ್ಷೆಯಾಗಿದೆ.
— ವಿದ್ಯಾರ್ಥಿನಿ, ಹಾಸನ

ಉತ್ತರ: ತೋಡಿ ಬೇಡ. ತೋಡಿಯ ಗಾಂಧಾರಕ್ಕೆ ಪ್ರತಿಯೊಬ್ಬರೂ ತಮ್ಮದೇ ವೇಗದಲ್ಲಿ, ತಮ್ಮದೇ ಅಗಲದಲ್ಲಿ ಗಮಕ ಕೊಡುತ್ತಾರೆ. ಒಬ್ಬರೇ ನುಡಿಸಿದಾಗ ರಾಗದ ಜೀವವಾಗಿರುವ ಆ ಕಂಪನವೇ ಹತ್ತು ಮಂದಿ ಸೇರಿದಾಗ ಬರಿಯ ಗದ್ದಲವಾಗಿಬಿಡುತ್ತದೆ. ವರ್ಷಗಟ್ಟಲೆ ಒಬ್ಬರೇ ಗುರುಗಳ ಬಳಿ ಒಟ್ಟಿಗೆ ಕಲಿತವರಿಗೆ ಮಾತ್ರ ಅದು ಸಾಧ್ಯ. ಮೋಹನ, ಹಂಸಧ್ವನಿಗಳಂಥ ರಾಗಗಳಲ್ಲಿ ವರ್ಣವನ್ನೋ ಚಿಕ್ಕ ಕೃತಿಯನ್ನೋ ಆರಿಸಿಕೊಳ್ಳಿ, ಯಾವ ಸ್ವರಕ್ಕೆ ಎಷ್ಟು ಗಮಕ, ಯಾವುದು ನೇರ ಎಂಬುದನ್ನು ಮೊದಲು ಬಾಯಲ್ಲಿ ಹಾಡಿ ತೀರ್ಮಾನಿಸಿ, ಆಮೇಲೆ ಕೊಳಲು ಹಿಡಿಯಿರಿ.

ನನ್ನ ಆಯ್ಕೆ ಕೇಳಿದರೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಿಂದ ಆರಂಭಿಸಿ ಎನ್ನುತ್ತೇನೆ. ದೀಕ್ಷಿತರು (1775–1835) ಆಗಿನ ಮದ್ರಾಸಿನ ಐರೋಪ್ಯ ಬ್ಯಾಂಡುಗಳ ಮಟ್ಟುಗಳನ್ನು ಕೇಳಿ, ಶಂಕರಾಭರಣದ ಸ್ವರಗಳಲ್ಲೇ ಇರುವ ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿದರು. 'ಶ್ಯಾಮಲೇ ಮೀನಾಕ್ಷಿ'ಯ ಮಟ್ಟು ಶಿಶುವಿಹಾರದ ಮಕ್ಕಳೂ ಗುರುತಿಸುವಂಥ 'ಟ್ವಿಂಕಲ್ ಟ್ವಿಂಕಲ್'. ಗಮಕಕ್ಕೆ ಅವಕಾಶವೇ ಇಲ್ಲವೆಂಬಷ್ಟು ನೇರವಾದ ಸ್ವರಗಳು, ಚಿಕ್ಕ ಸಾಲುಗಳು, ಸ್ಪಷ್ಟವಾದ ನಡೆ ಇವುಗಳಿಂದಾಗಿ ಹೊಸ ವೃಂದಕ್ಕೆ ಅವು ಹೇಳಿ ಮಾಡಿಸಿದಂತಿವೆ. ಇವು ಮಕ್ಕಳ ಪಾಠವಲ್ಲವೇ ಎಂದು ಹಿರಿಯರು ಮೂಗು ಮುರಿದರೆ, ನೇರವಾದ ಒಂದು ಅಂತರ ಗಾಂಧಾರವನ್ನು ಎಲ್ಲರೂ ಒಟ್ಟಿಗೆ ನಾಲ್ಕು ಅಕ್ಷರಕಾಲ (ತಾಳದ ನಾಲ್ಕು ಎಣಿಕೆ) ಹಿಡಿದು ತೋರಿಸಲಿ. ಗಮಕದ ಮರೆಯಿಲ್ಲದಲ್ಲಿ ಅಪಸ್ವರ ಬಚ್ಚಿಟ್ಟುಕೊಳ್ಳಲಾರದು.

ಪ್ರಶ್ನೆ: ಹನ್ನೊಂದು ವರ್ಷದ ನನ್ನ ಮಗ ಕೊಳಲು ಕಲಿಯುತ್ತಿದ್ದಾನೆ. ತರಗತಿಯಲ್ಲಿ ಈಚೆಗೆ ಬರೀ ವೃಂದದ ಅಭ್ಯಾಸವೇ ನಡೆಯುತ್ತಿದೆ. ಇದರಿಂದ ಅವನ ಸ್ವಂತ ವಾದನ ಹಿಂದೆ ಬೀಳುವುದಿಲ್ಲವೇ?
— ಗೃಹಿಣಿ, ಮೈಸೂರು

ಉತ್ತರ: ಬರೀ ವೃಂದವೇ ಆದರೆ ಹಿಂದೆ ಬೀಳುತ್ತದೆ. ಗುಂಪಿನಲ್ಲಿ ದುರ್ಬಲವಾಗಿ ನುಡಿಸುವ ಮಗು ಪಕ್ಕದವರ ದನಿಯ ಆಸರೆಯಲ್ಲಿ ತಿಂಗಳುಗಟ್ಟಲೆ ಉಳಿದುಬಿಡಬಹುದು. ಅದು ಗುರುಗಳಿಗೆ ಕೇಳಿಸದೆ ಇರಬಹುದು, ಮಗುವಿಗೂ ಗೊತ್ತಾಗದೆ ಇರಬಹುದು. ಮನೆಯಲ್ಲಿ ಅವನು ಒಬ್ಬನೇ, ಮೂರು ಕಾಲಗಳಲ್ಲಿ ಒಂದು ಅಲಂಕಾರವನ್ನು ತಪ್ಪದೆ ನುಡಿಸಬಲ್ಲನೇ ನೋಡಿ. ನುಡಿಸಿದರೆ ಚಿಂತೆಯಿಲ್ಲ. ತಡವರಿಸಿದರೆ, ವಾರದ ಪಾಠಗಳಲ್ಲಿ ಒಂದನ್ನಾದರೂ ಒಬ್ಬನಿಗೇ ಹೇಳಿಕೊಡುವಂತೆ ಗುರುಗಳನ್ನು ವಿನಯದಿಂದ ಕೇಳಿಕೊಳ್ಳಿ. ಇದನ್ನು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಆಲಾಪನೆ, ಕಲ್ಪನಾಸ್ವರಗಳನ್ನಂತೂ ವೃಂದ ಕಲಿಸಲಾರದು, ಅವು ಗುರುವಿನ ಎದುರು ಒಬ್ಬನೇ ಕುಳಿತು ಕಲಿಯಬೇಕಾದವು.

ಆದರೆ ವೃಂದದಿಂದ ಬಿಡಿಸಬೇಡಿ. ಲಯದ ಹಿಡಿತ, ಇನ್ನೊಬ್ಬರನ್ನು ಕೇಳುತ್ತಾ ನುಡಿಸುವ ಅಭ್ಯಾಸ, ವೇದಿಕೆಯ ಭಯ ಕಳೆಯುವುದು ಇವು ಆ ವಯಸ್ಸಿಗೆ ಗುಂಪಿನಲ್ಲೇ ಬೇಗ ಬರುತ್ತವೆ. ಹೆಸರಾಂತ ಏಕವ್ಯಕ್ತಿ ವಾದಕರು ವೃಂದವನ್ನು ಕೀಳೆಂದು ಕಂಡವರಲ್ಲ ಎಂಬುದನ್ನೂ ನೆನಪಿಸಬೇಕು: ಹಿಂದೂಸ್ತಾನಿ ಕೊಳಲಾದ ಬಾನ್ಸುರಿಯನ್ನು ಶಾಸ್ತ್ರೀಯ ಕಛೇರಿಯ ವಾದ್ಯವಾಗಿ ನೆಲೆಗೊಳಿಸಿದ ಪನ್ನಾಲಾಲ್ ಘೋಷ್ (1911–1960) ದೆಹಲಿಯ ಆಕಾಶವಾಣಿಯ ವಾದ್ಯವೃಂದವನ್ನು ನಿರ್ದೇಶಿಸಿದವರು.

ಪ್ರಶ್ನೆ: ನಾವು ಡಲ್ಲಾಸಿನಲ್ಲಿ ನೆಲೆಸಿರುವ ಕನ್ನಡಿಗರು. ಹದಿನಾಲ್ಕು ವರ್ಷದ ಮಗಳು ಬೆಂಗಳೂರಿನ ಗುರುಗಳಿಂದ ಆನ್‌ಲೈನಿನಲ್ಲಿ ಬಿದಿರ ಕೊಳಲನ್ನೂ ಶಾಲೆಯಲ್ಲಿ ಲೋಹದ ಫ್ಲೂಟನ್ನೂ ಕಲಿಯುತ್ತಿದ್ದಾಳೆ. ಈ ವರ್ಷ ಶಾಲೆಯ 'ಫ್ಲೂಟ್ ಕ್ವೈರ್'ನಲ್ಲಿ (ಬರೀ ಫ್ಲೂಟುಗಳ ವೃಂದ) ಅವಳಿಗೆ ಬಾಸ್ ಫ್ಲೂಟ್ ಕೊಟ್ಟಿದ್ದಾರೆ. ಮುಖ್ಯ ರಾಗವೇ ಸಿಗುವುದಿಲ್ಲವೆಂದು ಅವಳಿಗೆ ಬೇಸರ. ಎರಡು ಪದ್ಧತಿಗಳು ಕಲಸಿಹೋಗುತ್ತವೆಯೋ ಎಂದು ನಮಗೆ ಆತಂಕ.
— ಪೋಷಕರು, ಡಲ್ಲಾಸ್

ಉತ್ತರ: ಮೊದಲು ಅವಳ ಬೇಸರ. ಸಾಮಾನ್ಯ ಫ್ಲೂಟಿನ ಅತಿ ಕೆಳಗಿನ ಸ್ವರವೇ ಪಿಯಾನೋದ ನಡುವಿನ 'ಸಿ' ಆಗಿರುವುದರಿಂದ, ಬರೀ ಫ್ಲೂಟುಗಳನ್ನು ಕೂಡಿಸಿದರೆ ಕೆಳಗೆ ನೆಲವೇ ಇರುವುದಿಲ್ಲ. ಫ್ರಾನ್ಸಿನ ಸಂಗೀತ ರಚನಕಾರ ಬ್ವಾಮೊರ್ಟಿಯೇ 1727ರಲ್ಲಿಯೇ ಐದು ಫ್ಲೂಟುಗಳಿಗೆಂದು, ಬೇರೆ ಮಂದ್ರವಾದ್ಯದ ಆಸರೆಯಿಲ್ಲದೆ, ಆರು ಕನ್ಚೆರ್ಟೊಗಳನ್ನು ಪ್ರಕಟಿಸಿದ್ದರು. ಅವು ಸೊಗಸಾಗಿವೆ, ಆದರೆ ಎಲ್ಲವೂ ಮೇಲಿನ ಸ್ಥಾಯಿಯಲ್ಲೇ ಸುಳಿದಾಡುತ್ತವೆ. ಇಂದಿನ ಕ್ವೈರ್‌ನಲ್ಲಿ ಒಂದು ಸ್ಥಾಯಿ ಮೇಲಕ್ಕೆ ಪಿಕೊಲೊ, ಮಧ್ಯಮದಷ್ಟು ಅಂತರ ಕೆಳಕ್ಕೆ ಆಲ್ಟೊ, ಒಂದು ಸ್ಥಾಯಿ ಕೆಳಕ್ಕೆ ಬಾಸ್ ಇರುತ್ತವೆ. ಉಳಿದವರೆಲ್ಲ ಶ್ರುತಿ ಸೇರಿಸಿಕೊಳ್ಳುವುದು ಬಾಸಿನ ಮೇಲೆ. ಕಿವಿ ಗಟ್ಟಿಯಿರುವವರಿಗೆ ಅದನ್ನು ಕೊಡುವುದು ರೂಢಿ, ಹಾಗಾಗಿ ನಿಮ್ಮ ಮಗಳ ಶಿಕ್ಷಕರು ಯೋಚಿಸಿಯೇ ಕೊಟ್ಟಿರಬೇಕು. ಕೊಳವೆ ಉದ್ದ, ತೂಕ ಹೆಚ್ಚು, ಉಸಿರೂ ಹೆಚ್ಚು ಬೇಕು. ತೋಳು, ಭುಜಗಳು ನೋಯುವವರೆಗೆ ಹಿಡಿದಿರದೆ ನಡುನಡುವೆ ಇಳಿಸುವಂತೆ ಹೇಳಿ.

ಪದ್ಧತಿಗಳು ಕಲಸಿಹೋಗುವ ಆತಂಕಕ್ಕೆ ಬದಲಾಗಿ ಒಂದು ಲಾಭವನ್ನು ಗಮನಿಸಿ. ತಂಬೂರಿಯ ಮಂದ್ರಷಡ್ಜದ ತಂತಿಯಿಂದ ತಾನಾಗಿಯೇ ಹೊಮ್ಮುವ ಸ್ವಯಂಭೂ ಗಾಂಧಾರವು ಪಿಯಾನೋದ ಗಾಂಧಾರಕ್ಕಿಂತ ಕೊಂಚ ಕೆಳಗಿರುತ್ತದೆ. ಸ್ವರಸ್ಥಾನದ ಅಂತರವನ್ನು ನೂರು ಭಾಗ ಮಾಡಿದರೆ ಸುಮಾರು 14 ಭಾಗದಷ್ಟು. ಮೂರು ಫ್ಲೂಟುಗಳು ಸ, ಗ, ಪ ಹಿಡಿದು ನಿಂತಾಗ ಗಾಂಧಾರ ಹಿಡಿದವರು ಅಷ್ಟು ಇಳಿಸಿದರೆ ಮಾತ್ರ ಆ ಸ್ವರಮೇಳ ತಿಳಿಯಾಗುತ್ತದೆ, ಅಲ್ಲಿನ ಶಿಕ್ಷಕರೂ ಅದನ್ನೇ ಹೇಳಿಕೊಡುತ್ತಾರೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ತುಟಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಲೋಹದ ಫ್ಲೂಟಿಗೆ ತುಟಿ ಊರಲು ಫಲಕವಿದೆ, ಬಿದಿರಿಗಿಲ್ಲ. ಸ್ಪರ್ಧೆಯೋ ಕಾರ್ಯಕ್ರಮವೋ ಇರುವ ದಿನ ಎರಡನ್ನೂ ಮುಟ್ಟದೆ ಒಂದನ್ನೇ ನುಡಿಸಲಿ.

ಪ್ರಶ್ನೆ: ನಾನು ಹಿಂದೂಸ್ತಾನಿ ಬಾನ್ಸುರಿ ಕಲಿಯುತ್ತಿದ್ದೇನೆ, ಹಾಸ್ಟೆಲಿನ ಗೆಳತಿ ಕರ್ನಾಟಕ ಪದ್ಧತಿಯವಳು. ಕಾಲೇಜು ದಿನಾಚರಣೆಗೆ ಇಬ್ಬರೂ ಒಟ್ಟಿಗೆ ನುಡಿಸಬಹುದೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಧಾರಾಳವಾಗಿ ನುಡಿಸಬಹುದು. ನೀವು ಮೇಲಿನ ಮೂರು ರಂಧ್ರ ಮುಚ್ಚಿ ಷಡ್ಜ ಹಿಡಿಯುತ್ತೀರಿ, ಅವರು ಎರಡು ಮುಚ್ಚಿ ಹಿಡಿಯುತ್ತಾರೆ; ಆದ್ದರಿಂದ ಒಬ್ಬರ ಬೆರಳು ನೋಡಿ ಇನ್ನೊಬ್ಬರು ನುಡಿಸಲು ಹೋಗಬೇಡಿ. ನಿಮ್ಮ 'ಸಫೇದ್ ತೀನ್' (ಮೂರನೇ ಬಿಳಿ ಮನೆ), ಅವರ ಮೂರು ಮನೆ ಎರಡೂ ಒಂದೇ ಶ್ರುತಿ, ಅಂಥ ಜೋಡಿಯನ್ನು ಹುಡುಕಿಕೊಳ್ಳಿ. ಭೂಪಾಲಿ–ಮೋಹನ, ಮಾಲಕಂಸ–ಹಿಂದೋಳ, ದುರ್ಗಾ–ಶುದ್ಧಸಾವೇರಿ ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ಆಲಾಪವನ್ನು ಸರದಿಯಲ್ಲಿ ನುಡಿಸಿ, ಒಟ್ಟಿಗೆ ನುಡಿಸುವ ಭಾಗವನ್ನು ಚಿಕ್ಕದಾಗಿಡಿ.

ಪ್ರಶ್ನೆ: ವೃಂದದಲ್ಲಿ ಉದ್ದನೆಯ ಸಾಲುಗಳನ್ನು ನುಡಿಸುವಾಗ ಉಸಿರು ಸಾಲದೆ ತಲೆ ಸುತ್ತಿದಂತಾಗುತ್ತದೆ. ಎಲ್ಲರೂ ಉಸಿರೆಳೆದಾಗ ನಡುವೆ ದನಿ ಕಡಿದಂತೆಯೂ ಆಗುತ್ತದೆ.
— ವಿದ್ಯಾರ್ಥಿ, ಉಡುಪಿ

ಉತ್ತರ: ಎರಡಕ್ಕೂ ಒಂದೇ ಉಪಾಯ ಸಾಕು. ಏಕವಾದನದಲ್ಲಿ ಸಾಲಿನ ಕೊನೆಯಲ್ಲಿ ಉಸಿರೆಳೆಯುತ್ತೇವೆ. ವೃಂದದಲ್ಲಿ ಪಕ್ಕದವರು ಉಸಿರೆಳೆಯುವ ಜಾಗದಲ್ಲಿ ನೀವು ಎಳೆಯಬಾರದು. ಪುಸ್ತಕದಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಸ್ಥಳಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ಉಸಿರು ಪೂರ್ತಿ ಮುಗಿಯುವ ಮೊದಲೇ ಎಳೆದುಕೊಳ್ಳಿ, ಮತ್ತೆ ಸೇರುವಾಗ ನಾಲಿಗೆಯ ಹೊಡೆತವಿಲ್ಲದೆ ಮೆಲ್ಲಗೆ ಸೇರಿ. ತಲೆ ಸುತ್ತುವುದು ಬಹುತೇಕ ಸಂದರ್ಭಗಳಲ್ಲಿ ರಂಧ್ರದ ಹೊರಗೆ ಗಾಳಿ ಪೋಲಾಗಿ, ಅದನ್ನು ತುಂಬಲು ಪದೇ ಪದೇ ಜೋರಾಗಿ ಉಸಿರಾಡುವುದರಿಂದ. ತುಟಿಯ ಸೀಳನ್ನು ಕಿರಿದು ಮಾಡಿಕೊಂಡರೆ ಅಷ್ಟೇ ಉಸಿರು ಇನ್ನೂ ಕೆಲವು ಅಕ್ಷರಕಾಲ ಬರುತ್ತದೆ. ಸುತ್ತು ಬಂದ ಕೂಡಲೇ ಕೊಳಲಿಳಿಸಿ ಕುಳಿತುಕೊಳ್ಳಿ. ಕೊಳಲು ಹಿಡಿಯದಿದ್ದಾಗಲೂ ಹಾಗಾಗುತ್ತಿದ್ದರೆ ನೋಡಬೇಕಾದದ್ದು ವೈದ್ಯರನ್ನು.