ಹಳೆಯ ಸ್ವಿಫ್ಟ್ ಗಟ್ಟಿ, ಹೊಸ ಡಿಜೈರ್ ತಗಡು: ನಿಜವೇ?

ಪ್ರಶ್ನೆ: ನಮ್ಮದು ಚಿಂತಾಮಣಿ. 2008ರ ಪೆಟ್ರೋಲ್ ಸ್ವಿಫ್ಟ್ ಎಲ್‌ಎಕ್ಸ್‌ಐ ಇದೆ, ನೋಂದಣಿಯನ್ನು 2028ರವರೆಗೆ ನವೀಕರಿಸಿದ್ದೇನೆ. ಮಗ ಹೊಸ ಡಿಜೈರ್ ಕೊಳ್ಳೋಣ ಎನ್ನುತ್ತಾನೆ. ಷೋರೂಮಿನಲ್ಲಿ ಅದರ ಬಾನೆಟ್ ಒತ್ತಿದರೆ ಡಬ್ಬಿಯ ತಗಡಿನಂತೆ ತಗ್ಗಿತು. ನಮ್ಮ ಗಾಡಿ ಕಲ್ಲಿನಂತಿದೆ. ವಾರಕ್ಕೊಮ್ಮೆ ಕುಟುಂಬದೊಂದಿಗೆ ಬೆಂಗಳೂರಿಗೆ ಹೋಗುತ್ತೇವೆ, ಉಳಿದಂತೆ ತೋಟ, ಪೇಟೆ. ಏನು ಮಾಡಲಿ ಸಾರ್?

ಉತ್ತರ: ಬಾನೆಟ್ ಒತ್ತಿ ನೋಡುವುದು ನಮ್ಮ ಕಡೆ ಎಲ್ಲರ ಚಟ. ಆದರೆ ಜೀವ ಕಾಯುವುದು ಆ ಹೊರತಗಡಲ್ಲ, ಒಳಗಿನ ಚೌಕಟ್ಟು. ಡಿಕ್ಕಿಯಾದಾಗ ಮುಂಭಾಗ ಮಡಿಚಿಕೊಂಡು ಪೆಟ್ಟಿನ ಬಹುಪಾಲನ್ನು ತಾನೇ ನುಂಗಬೇಕು, ಜನ ಕುಳಿತ ಭಾಗ ಮಾತ್ರ ಜಗ್ಗಬಾರದು. ಮುಂಭಾಗವೂ ಮಡಿಯದೆ ನಿಂತರೆ ಆ ಪೆಟ್ಟು ನೇರವಾಗಿ ನಿಮ್ಮ ಎದೆಗೆ, ಕುತ್ತಿಗೆಗೆ ಬರುತ್ತದೆ.

ನಿಮ್ಮ ಎಲ್‌ಎಕ್ಸ್‌ಐಯಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಅದರ ಮುಂದಿನ ತಲೆಮಾರಿನ ಸ್ವಿಫ್ಟನ್ನು 2014ರಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿ ಸುರಕ್ಷತೆಗೆ ಐದರವರೆಗೆ ತಾರೆ ಕೊಡುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಏರ್‌ಬ್ಯಾಗ್ ಇಲ್ಲದೆ ಪರೀಕ್ಷಿಸಿದಾಗ ದೊರೆತದ್ದು ಸೊನ್ನೆ ತಾರೆ. ಹೊಸದೆಂದ ಮಾತ್ರಕ್ಕೆ ನಂಬಬೇಕೆಂದೂ ಇಲ್ಲ. 2022ರಲ್ಲಿ ಅದೇ ಸಂಸ್ಥೆಯ ಪರೀಕ್ಷೆಯಲ್ಲಿ ಆಗ ಮಾರಾಟದಲ್ಲಿದ್ದ ಸ್ವಿಫ್ಟ್ ಪಡೆದದ್ದು ಒಂದೇ ತಾರೆ. ಆದರೆ ನಿಮ್ಮ ಮಗ ತೋರಿಸಿರುವ, 2024ರ ನವೆಂಬರಿನಲ್ಲಿ ಬಂದ ಡಿಜೈರ್ ವಯಸ್ಕರ ಸುರಕ್ಷತೆಯಲ್ಲಿ ಐದು ತಾರೆ ಗಳಿಸಿದೆ. ಆರು ಏರ್‌ಬ್ಯಾಗ್ ಮತ್ತು ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ ಅದರ ಆರಂಭಿಕ ಮಾದರಿಯಲ್ಲೂ ಇವೆ. ಟೊಮೆಟೊ ಲಾರಿಗಳ ನಡುವೆ ಹೊಸಕೋಟೆ ರಸ್ತೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ನಾನು ಡಿಜೈರನ್ನೇ ಹೇಳುತ್ತೇನೆ.

ಹಳೆಯದರ ಗುಣವನ್ನು ಅಲ್ಲಗಳೆಯುತ್ತಿಲ್ಲ. ಅದರ 1298 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ನಿಂತಲ್ಲಿ ಸದ್ದಿಲ್ಲದೆ ಓಡುತ್ತದೆ. ಡಿಜೈರಿನದು 1197 ಸಿಸಿ, ಮೂರೇ ಸಿಲಿಂಡರ್, ಸಿಗ್ನಲ್ಲಿನಲ್ಲಿ ನಿಂತಾಗ ಸಣ್ಣ ಅದುರು ಕೈಗೆ ತಿಳಿಯುತ್ತದೆ. ನೆಲದಿಂದ ನಿಮ್ಮ ಕಾರಿನ ಎತ್ತರ 170 ಮಿ.ಮೀ., ಅದರದು 163. ತೋಟದ ದಾರಿಯಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ. ಮೈಲೇಜ್ ಹೊಸದರಲ್ಲಿ ಖಂಡಿತ ಹೆಚ್ಚು, ಆದರೆ ಉಳಿಸಿದ ಪೆಟ್ರೋಲಿನಿಂದಲೇ ಕಾರಿನ ಹಣ ಹುಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿರುವುದು ಮಾತ್ರ ನಿಜವಾದ ಅನುಕೂಲ.

ಮನೆಯಲ್ಲಿ ಜಾಗವಿದ್ದರೆ ಸ್ವಿಫ್ಟನ್ನು ತೋಟಕ್ಕೆ ಇಟ್ಟುಕೊಳ್ಳಿ. ಹದಿನೇಳು ವರ್ಷ ದಾಟಿದ ಗಾಡಿಗೆ ಷೋರೂಮಿನವರು ಕೊಡುವ ವಿನಿಮಯದ ಬೆಲೆ ಹೇಗೂ ನಿಮ್ಮ ಮನಸ್ಸಿಗೆ ಒಪ್ಪುವುದಿಲ್ಲ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ನಿಮ್ಮ ಕಾರು ಅದಕ್ಕೆಂದು ಮಾಡಿದ್ದಲ್ಲ. ಮೆಕ್ಯಾನಿಕ್‌ಗೆ ಹೇಳಿ ಪೆಟ್ರೋಲ್ ಪೈಪುಗಳನ್ನು ಬೆರಳಿನಿಂದ ಹಿಸುಕಿ ನೋಡಿಸಿ. ರಬ್ಬರ್ ಬಿರಿದಿದ್ದರೆ, ಉಬ್ಬಿದ್ದರೆ, ಗಾಡಿಯ ಬಳಿ ಪೆಟ್ರೋಲ್ ವಾಸನೆ ಬಂದರೆ ಕೂಡಲೇ ಬದಲಿಸಿ. 2028ರಲ್ಲಿ ಮತ್ತೆ ನವೀಕರಿಸುವ ಯೋಚನೆಯಿದ್ದರೆ, 20 ವರ್ಷ ದಾಟಿದ ಕಾರಿನ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಲಾಗಿದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.