‘ಪ್ರೋಗ್ರೆಸಿವ್’ ಎಂದರೆ ಇಲ್ಲಿ ಚೇತರಿಕೆಯಲ್ಲ

ನಿಮ್ಮ ಮಾವನವರ ಕ್ಯಾನ್ಸರ್ ಸ್ಕ್ಯಾನ್ ವರದಿಯಲ್ಲಿ ‘ಪ್ರೋಗ್ರೆಸಿವ್ ಡಿಸೀಸ್’ ಎಂದಿದೆ, ಪ್ರೋಗ್ರೆಸ್ ಎಂದರೆ ಪ್ರಗತಿಯಲ್ಲವೇ, ಗುಣವಾಗುತ್ತಿದೆ ಎಂದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಹೇಳಲು ಕಷ್ಟವಾಗುತ್ತದೆ, ಆದರೆ ಹಾಗೆ ತಿಳಿಯಬೇಡಿ. ಇಲ್ಲಿ ಮುಂದುವರಿದಿರುವುದು ರೋಗ.

ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ಮುಂದಕ್ಕೆ ಹೆಜ್ಜೆ ಇಡುವುದು ಎಂದಷ್ಟೇ ಅರ್ಥ. ಹೆಜ್ಜೆ ಒಳಿತಿನತ್ತಲೋ ಕೆಡುಕಿನತ್ತಲೋ ಎಂಬುದನ್ನು ಅದು ಹೇಳುವುದಿಲ್ಲ. ಶಾಲೆಯ ಪ್ರೋಗ್ರೆಸ್ ಕಾರ್ಡ್‌ನಿಂದಾಗಿ ನಮ್ಮ ಕಿವಿಗೆ ಅದು ಹಿತವಾಗಿ ಕೇಳುತ್ತದೆ, ಅಷ್ಟೇ. (ಆ ಕಾರ್ಡ್‌ನಲ್ಲೂ ಎಷ್ಟೋ ಮಂದಿಗೆ ಪ್ರಗತಿ ಇರುತ್ತಿರಲಿಲ್ಲ, ಬಿಡಿ.)

ಗಡ್ಡೆಗಳನ್ನು ಅಳೆಯಲು ‘ರೆಸಿಸ್ಟ್’ ಎಂಬ ಮಾನದಂಡ ಬಳಕೆಯಲ್ಲಿದೆ. ಅಳತೆಗೆ ಆರಿಸಿಕೊಂಡ ಗಡ್ಡೆಗಳ ವ್ಯಾಸಗಳ ಮೊತ್ತ, ಹಿಂದೆ ದಾಖಲಾದ ಅತಿ ಕಡಿಮೆ ಮೊತ್ತಕ್ಕಿಂತ ಕನಿಷ್ಠ ಶೇ. 20ರಷ್ಟು, ಜೊತೆಗೆ ಕನಿಷ್ಠ 5 ಮಿಲಿಮೀಟರ್ ಹೆಚ್ಚಿದ್ದರೆ ‘ಪ್ರೋಗ್ರೆಸಿವ್’. ಹೊಸ ಗಡ್ಡೆ ಕಂಡರೂ ಅದೇ ಹೆಸರು. ಆರಂಭದ ಅಳತೆಗಿಂತ ಕನಿಷ್ಠ ಶೇ. 30ರಷ್ಟು ಕುಗ್ಗಿದರೆ ‘ಪಾರ್ಷಿಯಲ್ ರೆಸ್ಪಾನ್ಸ್’, ಅಂದರೆ ಚಿಕಿತ್ಸೆಗೆ ಭಾಗಶಃ ಸ್ಪಂದನೆ. ಎರಡೂ ಅಲ್ಲದಿದ್ದರೆ ‘ಸ್ಟೇಬಲ್’, ಅಂದರೆ ಸ್ಥಿರ. ಕೇಳಲು ಸಪ್ಪೆಯಾದ ಈ ಪದವೇ ಎಷ್ಟೋ ಮನೆಗಳಿಗೆ ಸಮಾಧಾನದ ಸುದ್ದಿ.

‘ಪ್ರೋಗ್ರೆಸಿವ್’ ಎಂದರೆ ಎಲ್ಲ ಮುಗಿಯಿತು ಎಂಬ ತೀರ್ಪೂ ಅಲ್ಲ. ಈಗಿನ ಔಷಧಿ ಸಾಲುತ್ತಿಲ್ಲ ಎಂದಿರಬಹುದು. ಹಳೆಯ ವರದಿಗಳನ್ನೂ ಒಯ್ದು, ಚಿಕಿತ್ಸೆ ಬದಲಿಸಬೇಕೇ ಎಂದು ವೈದ್ಯರನ್ನೇ ನೇರವಾಗಿ ಕೇಳಿ.