ಮೆಡಿಕಲ್ ಹೋದರೆ ಎಂಬ ಭಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನೆದುರು ಕೂತ ಕೂಡಲೇ ಅವರು ಕೇಳಿದ್ದು, "ಮೇಡಂ, ಇದನ್ನೆಲ್ಲ ಬರೆದಿಡ್ತೀರಾ?" ವಯಸ್ಸು 33, ವಿಮಾನಯಾನ ಸಂಸ್ಥೆಯೊಂದರಲ್ಲಿ ಕೋ-ಪೈಲಟ್. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಮಾತು ಇಲ್ಲೇ ಉಳಿಯುತ್ತದೆ, ಆದರೆ ಬೇರೆಯವರ ಜೀವಕ್ಕೆ ಅಪಾಯ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಎದ್ದು ಹೋಗುತ್ತಾರೇನೋ ಅಂದುಕೊಂಡೆ. ಹೋಗಲಿಲ್ಲ.

ದೂರು ನಿದ್ದೆಯದು. ಒಂದು ವಾರ ನಸುಕಿಗೇ ಡ್ಯೂಟಿ, ಇನ್ನೊಂದು ವಾರ ರಾತ್ರಿ ಹಾರಾಟ. ರಾತ್ರಿ 2ರಿಂದ ಬೆಳಗಿನ 6ರವರೆಗೆ ಮೈ ನಿದ್ದೆಗೆ ಹಟ ಹಿಡಿಯುವ ಹೊತ್ತು. ಹಾಗಾಗಿ ನಾನೂ ಮೊದಲು ರೋಸ್ಟರನ್ನೇ, ಅಂದರೆ ಡ್ಯೂಟಿ ಪಟ್ಟಿಯನ್ನೇ, ದೂರಿದೆ. ತಪ್ಪಿದ್ದೆ. ರಜೆಯಲ್ಲೂ ಅವರಿಗೆ ನಿದ್ದೆ ಬಂದಿರಲಿಲ್ಲ. ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಕಾರ್ಯ ಮುಗಿಸಿ ನಾಲ್ಕನೇ ದಿನಕ್ಕೇ ಸಿಮ್ಯುಲೇಟರ್ (ನಕಲಿ ಕಾಕ್‌ಪಿಟ್) ಪರೀಕ್ಷೆಗೆ ಹೋಗಿದ್ದರಂತೆ. ಪಾಸೂ ಆದರು. ಅತ್ತಿರಲಿಲ್ಲ.

ಈಗ ಮಲಗಲು ನೆಗಡಿ ಮಾತ್ರೆ ನುಂಗುತ್ತಿದ್ದರು. ನನಗೆ ಗಾಬರಿಯಾದದ್ದು ಇಲ್ಲಿ. ಅದರ ಮಂಪರು ಮರುದಿನಕ್ಕೂ ಉಳಿಯಬಹುದು. "ಡಾಕ್ಟರ ಹತ್ರ ಹೇಳಬಹುದಿತ್ತಲ್ವಾ?" ಎಂದೆ. "ಕ್ಲಾಸ್ 1 ಮೆಡಿಕಲ್ ಹೋದರೆ, ಅಂದರೆ ಹಾರಲು ಬೇಕಾದ ಆರೋಗ್ಯ ಸರ್ಟಿಫಿಕೇಟ್ ಹೋದರೆ, ಲೈಸೆನ್ಸ್ ಬರೀ ಕಾಗದ, ಮೇಡಂ. ತರಬೇತಿ ಸಾಲ ಇನ್ನೂ ತೀರಿಲ್ಲ."

ಈ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡಲು ನಾನು ಹೋಗಲಿಲ್ಲ. ಆದರೆ ಅರ್ಧ ಮಾತ್ರ ನಿಜ. ತಪಾಸಣೆಯಲ್ಲಿ 'ಸದ್ಯಕ್ಕೆ ಅನರ್ಹ' ಅಂದರೆ ಕೆಲಸ ಹೋಯಿತು ಅಂತಲ್ಲ. ಅಮೆರಿಕದಲ್ಲಿ 2010ರಿಂದಲೇ ಖಿನ್ನತೆಯ ಕೆಲವು ಔಷಧ ತೆಗೆದುಕೊಳ್ಳುವ ಪೈಲಟ್‌ಗಳೂ ತಪಾಸಣೆ ದಾಟಿ ಹಾರಬಹುದು. ಯುರೋಪಿನಲ್ಲಿ 2021ರಿಂದ ವಿಮಾನಯಾನ ಸಂಸ್ಥೆಗಳು ಪೈಲಟ್‌ಗಳಿಗೆ ಪೈಲಟ್‌ಗಳೇ ಕಿವಿಯಾಗುವ ನೆರವಿನ ವ್ಯವಸ್ಥೆ ಇಡಲೇಬೇಕು.

ಸಲಹೆ ಕೊಟ್ಟೆ. ಮಾತ್ರೆ ಇವತ್ತೇ ನಿಲ್ಲಿಸಿ. ಸಿಕ್ ಲೀವ್ ಹಾಕಿ. ಸರ್ಟಿಫಿಕೇಟ್ ಕೈಯಲ್ಲಿದ್ದರೂ ಮೈ ಸರಿ ಇಲ್ಲ ಅಂತ ಗೊತ್ತಿದ್ದಾಗ ಹಾರಬಾರದು ಅನ್ನುವುದು ನಿಮ್ಮದೇ ನಿಯಮ. ವಿಮಾನಯಾನ ವೈದ್ಯರ ಬಳಿ ನೀವೇ ಹೋಗಿ, ಮಾತ್ರೆಯ ವಿಷಯವನ್ನೂ ಹೇಳಿ. ವಾರಕ್ಕೊಮ್ಮೆ ಇಲ್ಲಿ ಬನ್ನಿ, ಅಪ್ಪನ ಬಗ್ಗೆ ಮಾತಾಡೋಣ.

ಎರಡು ವಾರ ಪತ್ತೆಯಿಲ್ಲ. ಆಮೇಲೆ ಫೋನ್ ಮಾಡಿದರು, ವೈದ್ಯರನ್ನು ಕಂಡಾಗಿತ್ತು. ಈಗ ಹಾರಾಟವಿಲ್ಲದೆ ನೆಲದ ಮೇಲಿದ್ದಾರೆ, ರಾತ್ರಿ ಐದು ತಾಸು ನಿದ್ದೆ ಮಾಡುತ್ತಾರೆ. ಕ್ಯಾಪ್ಟನ್ ಆಗುವ ಸರದಿ ಹಿಂದೆ ಬಿತ್ತು ಅಂತ ನನ್ನ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ.